ಬಾವುಟ ಹಿಡಿದ ಕೈಗೆ ಕೆಂಪು ಪೆನ್ನೂ ಬೇಕು



ನವೆಂಬರ್ ಬಂತೆಂದರೆ ಸಾಕು, ಚಿತ್ರದುರ್ಗದ ಗಾಂಧಿ ವೃತ್ತದಿಂದ ಹಿಡಿದು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಬಸ್ ನಿಲ್ದಾಣಗಳವರೆಗೆ ಎಲ್ಲೆಲ್ಲೂ ಹಳದಿ-ಕೆಂಪು. ಕಂಬಕ್ಕೊಂದು ಬಾವುಟ, ತಿರುವಿಗೊಂದು ಬ್ಯಾನರ್. ನೋಡಿದರೆ ಎದೆ ಉಬ್ಬುತ್ತದೆ. ಉಬ್ಬಿದ ಎದೆಯನ್ನು ಒಂದು ನಿಮಿಷ ಇಳಿಸಿ, ಆ ಬ್ಯಾನರಿನ ಮುಂದೆ ನಿಂತು ಓದಿ. 'ಹಾರ್ಧಿಕ ಶುಭಾಷಯಗಳು'. 'ಉದ್ಗಾಟನೆ: ಮಾನ್ಯ ಅದ್ಯಕ್ಷರು'. 'ವಿಷೇಶ ಆಹ್ವಾನಿತರು'. ತಾಯಿ ಭುವನೇಶ್ವರಿಯ ಚಿತ್ರದ ಕೆಳಗೆ, ನಮ್ಮದೇ ಹುಡುಗರ ಇಪ್ಪತ್ತು ಮುಖಗಳ ನಡುವೆ, ಏಳು ಪದಗಳಲ್ಲಿ ಐದು ತಪ್ಪು!

ಇದನ್ನು ಬರೆಸಿದವರು ದೆಹಲಿಯವರಲ್ಲ, ಪರಭಾಷೆಯವರೂ ಅಲ್ಲ. ನಾವೇ.

ನಾಮಫಲಕದ ಮೇಲ್ಭಾಗದಲ್ಲಿ ಶೇಕಡಾ 60ರಷ್ಟು ಕನ್ನಡ ಇರಲೇಬೇಕು ಎಂದು ಬೀದಿಗಿಳಿದೆವು. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಿದ್ದುಪಡಿ ಬಂತು, ಅದು ಕಾನೂನಾಯಿತು. ಒಳ್ಳೆಯದೇ ಆಯಿತು. ಈಗ ಅಂಗಡಿಯವನ ಮುಂದೆ ಎದೆ ಸೆಟೆಸಿ ನಿಂತು 'ಕನ್ನಡದಲ್ಲಿ ಬರೆಸಪ್ಪ' ಅನ್ನುತ್ತೀರಿ. ಅವನು ಒಂದು ಹಾಳೆ, ಒಂದು ಪೆನ್ನು ಮುಂದಿಟ್ಟು 'ಆಯ್ತಣ್ಣ, ನೀವೇ ಬರೆದುಕೊಡಿ, ಅದನ್ನೇ ಹಾಕಿಸುತ್ತೇನೆ' ಅಂದರೆ? ಎದೆ ಮುಟ್ಟಿಕೊಂಡು ಹೇಳಿ, ನಮ್ಮಲ್ಲಿ ಎಷ್ಟು ಜನರ ಕೈ ನಡುಗದೆ ಬರೆಯುತ್ತದೆ? ಅಕ್ಷರದ ಅಳತೆ ಎಷ್ಟಿರಬೇಕೆಂದು ಕಾಯ್ದೆ ಹೇಳಿತು. ಅಕ್ಷರ ಸರಿಯಿದೆಯೇ ಎಂದು ನೋಡುವ ಕೆಲಸವನ್ನು ಯಾವ ಕಾಯ್ದೆಯೂ ಮಾಡಿಕೊಡುವುದಿಲ್ಲ.

'ಅರ್ಥವಾದರೆ ಸಾಕಲ್ಲ ಸಾರ್, ಒಂದು ಷ ಹೆಚ್ಚು ಕಡಿಮೆಯಾದರೆ ಏನು ಮುಳುಗಿಹೋಯಿತು' ಎನ್ನುವವರಿದ್ದಾರೆ. ಏನು ಮುಳುಗಿತು ಎಂಬುದನ್ನು 2024ರ ಆಗಸ್ಟ್ 27ರಂದು ಕೆಪಿಎಸ್‌ಸಿ ಪರೀಕ್ಷೆಗೆ ಕೂತವರನ್ನು ಕೇಳಿ. 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಪೂರ್ವಭಾವಿ ಪರೀಕ್ಷೆ. ಹೊಲ ಗದ್ದೆ ನಂಬಿದ ಮನೆಯಿಂದ ಬಂದು, ಕೋಚಿಂಗ್ ಸೆಂಟರಿನ ಪಕ್ಕದ ಕೋಣೆಯಲ್ಲಿ ನಾಲ್ವರು ಸೇರಿ ಬಾಡಿಗೆ ಹಂಚಿಕೊಂಡು ಓದುವ ಕನ್ನಡ ಮಾಧ್ಯಮದ ಹುಡುಗ ಹುಡುಗಿಯರಿಗೆ ಅಂದು ಕೈಗೆ ಸಿಕ್ಕಿದ್ದು ಕನ್ನಡದಂತೆ ಕಾಣುವ ಏನೋ ಒಂದು. ಇಂಗ್ಲಿಷ್ ಪ್ರಶ್ನೆಯನ್ನು ಪದಕ್ಕೆ ಪದ ಇಟ್ಟು ತಿರುಗಿಸಿದ ವಾಕ್ಯಗಳು. ಅರ್ಥವಾಗಬೇಕಾದರೆ ಪಕ್ಕದ ಇಂಗ್ಲಿಷನ್ನೇ ಓದಬೇಕು! ಗಲಾಟೆಯಾಯಿತು, ಸರ್ಕಾರ ಮರುಪರೀಕ್ಷೆ ಎಂದಿತು. ಡಿಸೆಂಬರ್ 29ರಂದು ಮತ್ತೆ ಪರೀಕ್ಷೆ ನಡೆಯಿತು. ಮತ್ತೆ ಅನುವಾದದ ತಪ್ಪು, ಮತ್ತೆ ಪ್ರತಿಭಟನೆ. ಕನ್ನಡ ಬಾರದವರು ಪ್ರಶ್ನೆಪತ್ರಿಕೆ ಮಾಡಿದರು ಎಂದು ಬೈದು ಕೂರುವುದು ಸುಲಭ. ನಾನು ಕೇಳುವುದು ಬೇರೆ. ಅನುವಾದಕನ ಮೇಜಿಗೂ ಅಚ್ಚಿನ ಮನೆಗೂ ನಡುವೆ, ಕೆಂಪು ಪೆನ್ನು ಹಿಡಿದು 'ಇದು ಕನ್ನಡವಲ್ಲ, ತಿದ್ದಿ ತನ್ನಿ' ಎನ್ನುವ ಒಬ್ಬ ಮನುಷ್ಯ ಯಾಕಿರಲಿಲ್ಲ? ಅಂಥ ಮನುಷ್ಯರನ್ನು ನಾವು ತಯಾರು ಮಾಡುತ್ತಿದ್ದೇವೆಯೇ?

ತಯಾರು ಮಾಡುತ್ತಿದ್ದ ಸೀಮೆ ನಮ್ಮದು, ಮರೆಯಬೇಡಿ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಪತ್ತೆ ಹಚ್ಚಿದರು. ಭಾಷೆ ಪ್ರಾಕೃತ, ಕನ್ನಡವಲ್ಲ. ಆದರೆ ಆ ಶಾಸನಗಳ ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ತಾನು ಲಿಪಿಕಾರನೆಂಬ ಮಾತನ್ನು ಅವನು ಬೇರೆಯದೇ ಲಿಪಿಯಲ್ಲಿ, ಖರೋಷ್ಠಿಯಲ್ಲಿ, ಕೆತ್ತಿದ್ದಾನೆ. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ನಮ್ಮ ಜಿಲ್ಲೆಯ ಬಂಡೆಯ ಮೇಲೆ ಒಬ್ಬ ಬರಹಗಾರ 'ಇದು ನನ್ನ ಕೆಲಸ' ಎಂದು ಸಹಿ ಹಾಕಿ ಹೋದ. ಅದೇ ಅಶೋಕ ತನ್ನ ಹದಿನಾಲ್ಕನೆಯ ಬಂಡೆಶಾಸನದಲ್ಲಿ, ಬರಹ ಎಲ್ಲಾದರೂ ಅರೆಬರೆಯಾಗಿದ್ದರೆ ಅದಕ್ಕೆ ಲಿಪಿಕಾರನ ತಪ್ಪೂ ಕಾರಣವಿರಬಹುದು ಎಂದು ಹೇಳಿಸಿದ್ದಾನೆ. ಅಚ್ಚಿನ ತಪ್ಪಿಗೆ ಪ್ರೆಸ್ಸಿನವನನ್ನು ದೂರುವ ಸಂಪ್ರದಾಯ ಎಷ್ಟು ಹಳೆಯದು ನೋಡಿ!

ಮುಂದೆ ಬನ್ನಿ. ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರಾದ ಟಿ.ಎಸ್. ವೆಂಕಣ್ಣಯ್ಯನವರು ಚಳ್ಳಕೆರೆ ತಾಲ್ಲೂಕಿನ ತಳುಕಿನವರು. ಹರಿಹರನ ಬಸವರಾಜದೇವರ ರಗಳೆಯನ್ನು ಸಂಪಾದಿಸಿಕೊಟ್ಟವರು. ಸಂಪಾದನೆ ಎಂದರೆ ಹಣ ಗಳಿಸುವುದಲ್ಲ. ಒಂದೇ ಕಾವ್ಯದ ನಾಲ್ಕಾರು ಓಲೆಗರಿ ಪ್ರತಿಗಳನ್ನು ಎದುರಿಗಿಟ್ಟುಕೊಂಡು, ಯಾವ ಅಕ್ಷರ ಕವಿಯದು, ಯಾವುದು ನಕಲು ಮಾಡಿದವನ ಕೈತಪ್ಪು ಎಂದು ಕಣ್ಣು ನೋಯುವವರೆಗೆ ಹುಡುಕುವ ಕೆಲಸ. ಅದೇ ತಳುಕಿನ ಮನೆತನದ ತ.ರಾ.ಸು. ದುರ್ಗದ ಕೋಟೆಯನ್ನು ಕಾದಂಬರಿಗಳಲ್ಲಿ ಮತ್ತೆ ಕಟ್ಟಿದರು. 2009ರಲ್ಲಿ 75ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಮ್ಮ ಚಿತ್ರದುರ್ಗದಲ್ಲೇ ನಡೆಯಿತಲ್ಲ, ಅಧ್ಯಕ್ಷರು ಯಾರು ನೆನಪಿದೆಯೇ? ಎಲ್. ಬಸವರಾಜು. ವಚನಗಳನ್ನು, ಹಳೆಯ ಕಾವ್ಯಗಳನ್ನು ಸಂಪಾದಿಸುತ್ತಲೇ ಆಯುಷ್ಯ ಸವೆಸಿದ ವಿದ್ವಾಂಸರು. ಅವತ್ತಿನ ಊಟದ ಮೆನು ಇವತ್ತಿಗೂ ಹೇಳುವವರಿದ್ದಾರೆ. ತೇರಿನಂಥ ರಥದಲ್ಲಿ ಕೂತಿದ್ದ ಆ ಹಿರಿಯರು ಏನು ಕೆಲಸ ಮಾಡಿದವರೆಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ.

ಇಲ್ಲೊಂದು ಮಾತು ಸ್ಪಷ್ಟವಾಗಲಿ. ನಮ್ಮ ಸೀಮೆಯ ಆಡುಮಾತನ್ನು ಹೀಗಳೆಯುವುದಕ್ಕೆ ಇದನ್ನು ಬರೆಯುತ್ತಿಲ್ಲ. 'ಐತೆ' ಎಂದರೆ ತಪ್ಪಲ್ಲ. ಅದು ನಮ್ಮ ಅಜ್ಜಿಯ ಮಾತು. ಸುಮಾರು 850ರ ಹೊತ್ತಿಗೇ ಕವಿರಾಜಮಾರ್ಗ, ಕನ್ನಡದಲ್ಲಿ ದೇಸಿಗಳು ಎಷ್ಟೊಂದು ಬಗೆಯವೆಂದರೆ ಅವುಗಳ ದೋಷ ಇಷ್ಟೇ ಎಂದು ಲೆಕ್ಕ ಹಾಕಹೊರಟರೆ ಸಾವಿರ ಹೆಡೆಯ ವಾಸುಕಿಗೂ ಬೇಸರ ಬಂದೀತು ಎಂದು ಹೇಳಿಬಿಟ್ಟಿದೆ. ದೇವನೂರ ಮಹಾದೇವ ಅವರು 'ಕುಸುಮಬಾಲೆ'ಯನ್ನು ನಂಜನಗೂಡು ಸೀಮೆಯ ಮಾತಿನಲ್ಲೇ ಬರೆದರು. ಅದು ಗೊತ್ತಿದ್ದು ಮಾಡಿದ್ದು. ಹೊಳಲ್ಕೆರೆ ಹೊಸದುರ್ಗದ ತಾಂಡಾಗಳಲ್ಲಿ ಮನೆಯಲ್ಲಿ ಲಂಬಾಣಿ ಮಾತಾಡಿ, ಶಾಲೆಯಲ್ಲಿ ಮೊದಲ ಬಾರಿ ಕನ್ನಡದ ಅಕ್ಷರ ತಿದ್ದಿದ ಮಕ್ಕಳಿದ್ದಾರೆ. ಅವರು 'ಹ' ಬಿಟ್ಟು ಮಾತಾಡಿದರೆಂದು ನಗುವ ಪೇಟೆ ಹುಡುಗನಿಗೆ ಕನ್ನಡದ ಬಗ್ಗೆ ಮಾತಾಡುವ ಯೋಗ್ಯತೆಯಿಲ್ಲ. ಆ ಮಕ್ಕಳು ನಮಗಿಂತ ಒಂದು ಮೆಟ್ಟಿಲು ಹೆಚ್ಚು ಹತ್ತಿ ಬಂದವರು.

ಆದರೆ ಬರಹದ ಕನ್ನಡ ಎಂಬುದೊಂದಿದೆ. ಬೀದರಿನವನ ಮನವಿಯನ್ನು ಚಾಮರಾಜನಗರದ ಗುಮಾಸ್ತ ಓದಬೇಕು, ಹಿರಿಯೂರಿನ ರೈತನ ಅರ್ಜಿಯನ್ನು ಬೆಂಗಳೂರಿನ ವಿಧಾನಸೌಧದಲ್ಲಿ ಓದಬೇಕು. ಅದಕ್ಕಾಗಿ ಎಲ್ಲರೂ ಒಪ್ಪಿ ನಡೆಯುವ ರಸ್ತೆ ಅದು. ಯಾರ ಮನೆಯ ಅಂಗಳವೂ ಅಲ್ಲ, ಎಲ್ಲರೂ ಕಲಿಯಬೇಕು. ಕಲಿತವನಿಗೆ ಮಾತ್ರ ಸಲ್ಲುವ ಗುಟ್ಟಾಗಿ ಅದನ್ನು ಇಟ್ಟರೆ ನಷ್ಟ ಯಾರಿಗೆ? ಕೆಪಿಎಸ್‌ಸಿ ಪರೀಕ್ಷೆ ಬರೆಯುವ ಆ ಹಳ್ಳಿ ಹುಡುಗಿಗೇ.

ಕಲಿಯುವುದು ಹೇಗೆ? ನೀವು ಅಂದುಕೊಂಡಷ್ಟು ಕಷ್ಟವಿಲ್ಲ. ತಪ್ಪುಗಳಲ್ಲಿ ಎರಡು ಜಾತಿ. ಕಿವಿಗೆ ಸಿಗುವವು ಕೆಲವು, ಕಣ್ಣಿಗೆ ಮಾತ್ರ ಸಿಗುವವು ಕೆಲವು. ಹಾಲು-ಆಲು, ಹಕ್ಕಿ-ಅಕ್ಕಿ, ಹಳ್ಳಿ-ಹಲ್ಲಿ, ಇವು ಕಿವಿಯವು. ಗಟ್ಟಿಯಾಗಿ, ನಿಧಾನವಾಗಿ ಓದಿದರೆ ತಾವೇ ಸಿಕ್ಕಿಬೀಳುತ್ತವೆ. 'ಆದರದ ಸ್ವಾಗತ' ಎಂದು ಬರೆಯಹೋಗಿ ಮುಂದೊಂದು 'ಹ' ಸೇರಿಸಿದರೆ ಅತಿಥಿಗಳಿಗೆ ಏನು ಸ್ವಾಗತ ಸಿಗುತ್ತದೆಂದು ನಿಮಗೇ ಗೊತ್ತು. ಬರಪರಿಹಾರದ ಅರ್ಜಿಯಲ್ಲಿ 'ಧನಸಹಾಯ' ಕೇಳುವ ಬದಲು 'ದನಸಹಾಯ' ಕೇಳಿದರೆ ಪಶುಪಾಲನಾ ಇಲಾಖೆಗೆ ಕಳಿಸಿಬಿಟ್ಟಾರು.

ಕಣ್ಣಿನ ತಪ್ಪುಗಳೇ ಕಾಟ ಕೊಡುವುದು. 'ಶ'ವನ್ನೂ 'ಷ'ವನ್ನೂ ನಮ್ಮಲ್ಲಿ ಹೆಚ್ಚಿನವರು ಒಂದೇ ರೀತಿ ಉಚ್ಚರಿಸುತ್ತೇವೆ. ಕಿವಿ ಸಹಾಯ ಮಾಡುವುದಿಲ್ಲ. ಪದವನ್ನು ಒಡೆದು ನೋಡಬೇಕು. ಶುಭ ಮತ್ತು ಆಶಯ ಸೇರಿ ಶುಭಾಶಯ. ಆಶಯಕ್ಕೆ ಯಾವ 'ಶ' ಎಂದು ಗೊತ್ತಿದ್ದರೆ ಶುಭಾಶಯ ತಪ್ಪುವುದಿಲ್ಲ. ತ.ರಾ.ಸು. ಅವರ 'ದುರ್ಗಾಸ್ತಮಾನ'ವನ್ನು ಒಡೆಯಿರಿ: ದುರ್ಗ, ಅಸ್ತಮಾನ. ಕೋಟೆ ಮುಳುಗಿದ ಕಥೆ, ದುರ್ಗಾದೇವಿಯ ಕಥೆಯಲ್ಲ. ಸಂಧಿ ಎಂದರೆ ಹತ್ತನೆಯ ತರಗತಿಯಲ್ಲಿ ಎರಡು ಅಂಕಕ್ಕೆ ಬಾಯಿಪಾಠ ಮಾಡಿ ಮರೆತದ್ದಲ್ಲ, ಹೀಗೆ ಉಪಯೋಗಿಸುವುದು. 'ಟ' 'ಠ'ಗಳ ಮೊದಲು ಬರುವುದು ಷಕಾರ: ಕಷ್ಟ, ನಷ್ಟ, ನಿಷ್ಠೆ, ಶ್ರೇಷ್ಠ. 'ಚ'ದ ಮೊದಲು ಬರುವುದು ಶಕಾರ: ನಿಶ್ಚಯ, ಆಶ್ಚರ್ಯ, ಪಶ್ಚಿಮ. ಇಷ್ಟು ತಿಳಿದರೆ ಅರ್ಧ ಬ್ಯಾನರು ಸರಿಹೋಯಿತು.

ಇನ್ನೊಂದು ಕಡ್ಡಾಯವಾಗಿ ನೆನಪಿಡಿ. ಅಚ್ಚಗನ್ನಡದ ಪದಗಳಲ್ಲಿ ಮಹಾಪ್ರಾಣ ಇಲ್ಲವೆನ್ನುವಷ್ಟು ಕಡಿಮೆ. 'ಒಂಭತ್ತು', 'ಎಂಭತ್ತು' ಎಂದು ಹೊಟ್ಟೆ ಸೀಳುವವರು ಸುಮ್ಮನೆ ಶ್ರಮ ಪಡುತ್ತಿದ್ದಾರೆ. ಅವು ಒಂಬತ್ತು, ಎಂಬತ್ತು. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಮಹಾಪ್ರಾಣ ಕನ್ನಡಿಗರ ನಾಲಗೆಯಲ್ಲೇ ಇಲ್ಲ, ಬರಹದಲ್ಲೂ ಬೇಡ ಎಂದು ವಾದಿಸಿದರು, ವಾದಿಸಿದ್ದಲ್ಲದೆ ಹಾಗೆಯೇ ಬರೆದು ತೋರಿಸಿದರು. ಆ ವಾದವನ್ನು ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ನಮ್ಮ ಬ್ಯಾನರು ಬರೆಯುವವರು ಅವರ ಶಿಷ್ಯರಲ್ಲ. ಇರಬೇಕಾದ 'ಅಧ್ಯಕ್ಷ'ರ ಮಹಾಪ್ರಾಣ ತೆಗೆಯುತ್ತಾರೆ, ಸಂಸ್ಕೃತದಲ್ಲೂ ಇಲ್ಲದ ಮಹಾಪ್ರಾಣವನ್ನು 'ಹಾರ್ದಿಕ'ಕ್ಕೆ ಹಾಕುತ್ತಾರೆ. ವಿದ್ಯಾರ್ಥಿಯನ್ನು 'ವಿಧ್ಯಾರ್ಥಿ' ಮಾಡುತ್ತಾರೆ. ಇದು ಸಿದ್ಧಾಂತವಲ್ಲ, ಉದಾಸೀನ.

ಈ ಉದಾಸೀನಕ್ಕೆ ಹೊಸ ಗೊಬ್ಬರ ಹಾಕುತ್ತಿರುವುದು ನಿಮ್ಮ ಕೈಯಲ್ಲಿರುವ ಫೋನು. ಗೆಳೆಯನಿಗೆ ಸಂದೇಶ ಕಳಿಸುವಾಗ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟುತ್ತೀರಿ. ಅಲ್ಲಿ 'ಶ'ಕ್ಕೂ 'ಷ'ಕ್ಕೂ ಒಂದೇ ಎಸ್ ಎಚ್. 'ಲ'ಕ್ಕೂ 'ಳ'ಕ್ಕೂ ಒಂದೇ ಎಲ್. 'ನ'ಕ್ಕೂ 'ಣ'ಕ್ಕೂ ಒಂದೇ ಎನ್. ಹತ್ತು ವರ್ಷ ಹೀಗೆ ಕುಟ್ಟಿದ ಬೆರಳಿಗೆ, ಕನ್ನಡದಲ್ಲಿ ಬರೆಯಬೇಕಾದಾಗ ಯಾವ ಅಕ್ಷರ ಎಂಬುದೇ ಮರೆತಿರುತ್ತದೆ. ಯಂತ್ರವೂ ಅದೇ ಇಂಗ್ಲಿಷಿನಿಂದ ನಮ್ಮ ಊರುಗಳನ್ನು ವಾಪಸು ಕನ್ನಡಕ್ಕೆ ತರುತ್ತದೆ. ಸಾಣೇಹಳ್ಳಿ 'ಸಾನೆಹಲ್ಲಿ' ಆಗುತ್ತದೆ, ಮಲ್ಲಾಡಿಹಳ್ಳಿ 'ಮಲ್ಲಾಡಿಹಲ್ಲಿ' ಆಗುತ್ತದೆ. ನಾಟಕದಿಂದ ಹೆಸರಾದ ಒಂದು ಊರು, ಅನಾಥಸೇವಾಶ್ರಮದಿಂದ ಹೆಸರಾದ ಇನ್ನೊಂದು ಊರು, ಎರಡೂ ಗೋಡೆ ಮೇಲಿನ ಹಲ್ಲಿ! ಹೊಸದುರ್ಗಕ್ಕೆ ಒಂದು ದೀರ್ಘ ಎಳೆದು 'ಹೊಸದುರ್ಗಾ' ಮಾಡಿದರೆ ಹೊಸ ಕೋಟೆ ಹೋಗಿ ಹೊಸ ದೇವಿ ಬರುತ್ತಾಳೆ.

ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿನ್ನುವುದು ಹೊಳಲ್ಕೆರೆ. ಹೊಲಲ್ಕೆರೆ, ಹೋಲಾಲ್ಕೆರೆ, ಏನೇನೋ. ಆ 'ಳ' ಸುಮ್ಮನೆ ಕೂತಿಲ್ಲ ಗೆಳೆಯರೇ. ಹೊಳಲು ಎಂದರೆ ಪಟ್ಟಣ. ಹಳಗನ್ನಡದಲ್ಲಿ ಅದು ಪೊೞಲ್. ಕವಿರಾಜಮಾರ್ಗ ತಿರುಳ್ಗನ್ನಡದ ನಾಡು ಯಾವುದೆಂದು ಹೇಳುವಾಗ ಹೆಸರಿಸುವ ಕಿಸುವೊಳಲ್, ಅಂದರೆ ಇಂದಿನ ಪಟ್ಟದಕಲ್ಲು, ಅಲ್ಲಿರುವುದೂ ಇದೇ ಪದ. ಆ ೞ ಎಂಬ ಅಕ್ಷರ ಜನರ ಬಾಯಿಂದ ಜಾರಿಹೋಗುತ್ತಿದ್ದ ಕಾಲದಲ್ಲಿ, 13ನೆಯ ಶತಮಾನದಲ್ಲಿ, ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಅದು ಎಲ್ಲೆಲ್ಲಿ ಬರುತ್ತದೆಂದು ಬಿಡಿಸಿ ಹೇಳಬೇಕಾಯಿತು. ಒಂದು 'ಳ'ವನ್ನು 'ಲ' ಮಾಡಿದಾಗ ಸಾವಿರ ವರ್ಷದ ಪಟ್ಟಣವನ್ನೇ ಅಳಿಸುತ್ತೀರಿ. ಹಿರಿಯೂರಿಗೂ ಹಾಗೆಯೇ. ಹಿರಿಯ ಊರು ಅದು. 'ಹಿರಿಯುರ್' ಎಂದರೆ ಊರೂ ಇಲ್ಲ, ಹಿರಿತನವೂ ಇಲ್ಲ.

ಕಾಗುಣಿತ ಸರಿಯಾದರೆ ಕೆಲಸ ಮುಗಿಯಲಿಲ್ಲ, ವಾಕ್ಯ ಇನ್ನೂ ಬಾಕಿ. ನಾಲ್ಕೂ ತಾಲ್ಲೂಕಿನ ಜನ ಭದ್ರಾ ಮೇಲ್ದಂಡೆಯ ನೀರಿಗಾಗಿ ಎಷ್ಟು ಮನವಿ ಬರೆದಿದ್ದಾರೋ ಲೆಕ್ಕವಿಲ್ಲ. 2023-24ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ನೆರವು ಘೋಷಣೆಯಾದ ಮೇಲೂ ಅದು ಕೈಗೆ ಬರಲಿ ಎಂದು ಬೀದಿಗಿಳಿಯಬೇಕಾಯಿತು. ಅಂಥ ಒಂದು ಮನವಿಯಲ್ಲಿ ಹೀಗೊಂದು ವಾಕ್ಯ ಇದೆ ಅಂದುಕೊಳ್ಳಿ: 'ಕಾಮಗಾರಿ ವಿಳಂಬ ಮಾಡಿದ ಅಧಿಕಾರಿಗಳ ಮೇಲೆ ಹಾಗೂ ಹೋರಾಟಗಾರರ ಮೇಲೆ ಹಾಕಿರುವ ಮೊಕದ್ದಮೆಗಳನ್ನು ಹಿಂಪಡೆಯಬೇಕು.' ಬರೆದವನ ಮನಸ್ಸಿನಲ್ಲಿದ್ದದ್ದು ಅಧಿಕಾರಿಗಳ ಮೇಲೆ ಕ್ರಮ, ಹೋರಾಟಗಾರರಿಗೆ ಬಿಡುಗಡೆ. ಬರೆದದ್ದು ಇಬ್ಬರಿಗೂ ಬಿಡುಗಡೆ! ಸಾಹೇಬರು ಓದಿ, ಒಳಗೊಳಗೇ ನಕ್ಕು, ಮೊಹರು ಒತ್ತಿಸಿ ಇಟ್ಟುಕೊಳ್ಳುತ್ತಾರೆ. ಇದಕ್ಕೆ ಔಷಧ ಒಂದೇ. ಎರಡು ಬೇಡಿಕೆಗೆ ಎರಡು ವಾಕ್ಯ. ಯಾರು ಮಾಡಬೇಕು, ಏನು ಮಾಡಬೇಕು, ಯಾವಾಗ ಮಾಡಬೇಕು ಎಂಬುದು ವಾಕ್ಯದಲ್ಲಿ ಇದೆಯೇ ಎಂದು ನೋಡುವುದು. 'ಈ ಮೂಲಕ ತಿಳಿಯಪಡಿಸುವುದೇನೆಂದರೆ' ಎಂಬ ಕಚೇರಿ ಕನ್ನಡವನ್ನು ಕತ್ತರಿಸಿ ಎಸೆಯುವುದು. 'ಸಭೆಯು ಅಧ್ಯಕ್ಷರಿಂದ ಉದ್ಘಾಟಿಸಲ್ಪಟ್ಟಿತು' ಎಂದು ಇಂಗ್ಲಿಷಿನ ನೆರಳಿನಲ್ಲಿ ಬರೆಯುವ ಬದಲು 'ಅಧ್ಯಕ್ಷರು ಸಭೆಯನ್ನು ಉದ್ಘಾಟಿಸಿದರು' ಎನ್ನುವುದು. 'ಮಾಡ ಬೇಕು' ಎಂದು ಕ್ರಿಯಾಪದದ ಕುತ್ತಿಗೆ ಕೊಯ್ಯದೆ 'ಮಾಡಬೇಕು' ಎಂದು ಕೂಡಿಸಿ ಬರೆಯುವುದು.

ಹಿಂದೆ ಪ್ರೆಸ್ಸುಗಳಲ್ಲಿ ಮೊಳೆ ಜೋಡಿಸುವವನೇ ಅರ್ಧ ಪಂಡಿತ. ಕರಡಚ್ಚು ತೆಗೆದು ಒಬ್ಬರು ಓದುವುದು, ಇನ್ನೊಬ್ಬರು ತಿದ್ದುವುದು, ತಿದ್ದಿದ್ದು ಸರಿಯಾಯಿತೇ ಎಂದು ಮತ್ತೊಂದು ಕರಡು ತೆಗೆಯುವುದು ರೂಢಿಯಾಗಿತ್ತು. ಈಗ ಡಿಟಿಪಿ ಅಂಗಡಿಯಲ್ಲಿ ರಾತ್ರಿ ಹತ್ತು ಗಂಟೆಗೆ ಫೋನಿನಲ್ಲೇ ವಿಷಯ ಹೇಳಿ, ಬೆಳಿಗ್ಗೆ ಆರಕ್ಕೆ ಬ್ಯಾನರು ಕಟ್ಟುತ್ತೀರಿ. ಡಿಟಿಪಿ ಹುಡುಗನನ್ನು ಬೈಯಬೇಡಿ. ಅವನಿಗೆ ಕೊಟ್ಟ ಹಣ ಅಕ್ಷರ ಕುಟ್ಟಲು, ತಿದ್ದಲು ಅಲ್ಲ. ಅದೂ ಅಲ್ಲದೆ ಹಳೆಯ ಫಾಂಟಿನಿಂದ ಯೂನಿಕೋಡಿಗೆ ಬದಲಿಸುವಾಗ ಅರ್ಕಾವತ್ತು, ಒತ್ತಕ್ಷರ ಚೆಲ್ಲಾಪಿಲ್ಲಿಯಾಗುವುದುಂಟು. ಅದನ್ನು ನೋಡಬೇಕಾದದ್ದು ಸಂಘದವರು.

ನೋಡಲು ಸಾಮಗ್ರಿ ಇಲ್ಲವೇ? ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು ಎಂಟು ಸಂಪುಟ ಇದೆ. ಅದರ ಹಿಂದೆ ದುಡಿದ ಜಿ. ವೆಂಕಟಸುಬ್ಬಯ್ಯನವರು 1991ರಿಂದ ಪ್ರಜಾವಾಣಿಯ 'ಇಗೋ ಕನ್ನಡ' ಅಂಕಣದಲ್ಲಿ ಓದುಗರ ಒಂದೊಂದು ಪ್ರಶ್ನೆಗೂ ವರ್ಷಗಟ್ಟಲೆ ಉತ್ತರಿಸಿದರು. ಅವು ಪುಸ್ತಕವಾಗಿ ಸಿಗುತ್ತವೆ. 107ರ ವಯಸ್ಸಿನಲ್ಲಿ, 2021ರಲ್ಲಿ ತೀರಿಕೊಂಡ ಆ ಹಿರಿಯರು ಮೈಕಿನ ಮುಂದೆ ಕೂಗದೆಯೇ ಮಾಡಿದ ಕನ್ನಡದ ಕೆಲಸವನ್ನು ನಾವು ಹತ್ತು ರಾಜ್ಯೋತ್ಸವದಲ್ಲೂ ಮಾಡಿಲ್ಲ.

ದೂರದ ಒಂದು ದೇಶದ ಮಾತು ಹೇಳುತ್ತೇನೆ. ಪೋಲೆಂಡ್. 1795ರಿಂದ 1918ರವರೆಗೆ ಆ ದೇಶ ಭೂಪಟದಲ್ಲೇ ಇರಲಿಲ್ಲ, ಮೂರು ಸಾಮ್ರಾಜ್ಯಗಳು ಹಂಚಿಕೊಂಡು ತಿಂದಿದ್ದವು. 1901ರಲ್ಲಿ ವ್ಝೆಶ್ನ್ಯಾ ಎಂಬ ಊರಿನ ಶಾಲಾಮಕ್ಕಳು ಧರ್ಮಪಾಠವನ್ನು ಜರ್ಮನ್ ಭಾಷೆಯಲ್ಲಿ ಕಲಿಯುವುದಿಲ್ಲ ಎಂದು ಹಠ ಹಿಡಿದು ಏಟು ತಿಂದರು. ನುಡಿಗಾಗಿ ಏಟು ತಿಂದವರು ಅವರೂ. ಅವರ ಬರಹದಲ್ಲೂ ನಮ್ಮ ಶ-ಷದಂಥ ಕಾಟವಿದೆ, ಒಂದೇ ಉಚ್ಚಾರಣೆಗೆ ಎರಡೆರಡು ಬರವಣಿಗೆ. 1987ರಲ್ಲಿ ಕ್ರಿಸ್ಟಿನಾ ಬೊಹೆನೆಕ್ ಎಂಬ ಪತ್ರಕರ್ತೆ ಕಟೊವಿತ್ಸೆ ನಗರದಲ್ಲಿ ಇಡೀ ದೇಶಕ್ಕೆ ಒಂದು ಉಕ್ತಲೇಖನ ಸ್ಪರ್ಧೆ ಶುರು ಮಾಡಿದರು. ಹೌದು, ಮೂರನೆಯ ತರಗತಿಯಲ್ಲಿ ಮೇಷ್ಟ್ರು ಹೇಳಿ ನಾವು ಬರೆಯುತ್ತಿದ್ದ ಅದೇ ಉಕ್ತಲೇಖನ. ದೊಡ್ಡವರು ಬಂದು ಕೂತು ಬರೆದರು. ಗೆದ್ದವರಿಗೆ ಪೋಲಿಷ್ ಕಾಗುಣಿತದ ಒಡೆಯ ಎಂಬ ಬಿರುದು.

ಈ ನವೆಂಬರಿನಲ್ಲಿ ಆರ್ಕೆಸ್ಟ್ರಾ ನಡೆಯಲಿ, ಬೇಡ ಎನ್ನುವುದಿಲ್ಲ. ಅದರ ಹಿಂದಿನ ಭಾನುವಾರ ಬೆಳಿಗ್ಗೆ ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ನಾಲ್ಕೂ ಕಡೆ ಒಂದೇ ಹೊತ್ತಿಗೆ ಒಂದು ಉಕ್ತಲೇಖನ ಇಡಿ. ಇನ್ನೂರು ಪದ ಸಾಕು. ಊರ ನಿವೃತ್ತ ಕನ್ನಡ ಮೇಷ್ಟ್ರನ್ನು ಕರೆಸಿ, ಓದಲಿ. ತಿದ್ದುವುದೂ ಅವರೇ ತಿದ್ದಲಿ. ಅವರಿಗೆ ಶಾಲು ಹೊದಿಸುವ ಬದಲು ಒಂದು ನಿಘಂಟು ಕೊಡಿ. ಸ್ಪರ್ಧೆಯಲ್ಲಿ ಚೆನ್ನಾಗಿ ಬರೆದ ಹುಡುಗ ಹುಡುಗಿಯರಲ್ಲಿ ಇಬ್ಬರನ್ನು ಆರಿಸಿ, ಆ ವರ್ಷ ಸಂಘದಿಂದ ಹೊರಡುವ ಬ್ಯಾನರು, ಕರಪತ್ರ, ಮನವಿ ಎಲ್ಲದರ ಕರಡು ಅವರ ಕಣ್ಣಿಗೆ ಬಿದ್ದೇ ಹೊರಗೆ ಹೋಗಲಿ. ಆ ಕೆಲಸಕ್ಕೆ ಅವರಿಗೆ ಸಂಘದ ಹಣದಲ್ಲಿ ಒಂದಿಷ್ಟು ಗೌರವಧನವನ್ನೂ ಕೊಡಿ. ಹಾರಕ್ಕೆ ಖರ್ಚು ಮಾಡುವುದರಲ್ಲಿ ಕಾಲು ಭಾಗ ಸಾಕು.

ಅಂದ ಹಾಗೆ, ಉಕ್ತಲೇಖನದ ದಿನ ಮೊದಲ ಬೆಂಚಿನಲ್ಲಿ ಸಂಘದ ಅಧ್ಯಕ್ಷರು, ಪ್ರಧಾನ ಕಾರ್ಯದರ್ಶಿಗಳು, ತಾಲ್ಲೂಕು ಸಂಚಾಲಕರು ಕೂರಲಿ. ಅವರ ಹಾಳೆಗಳನ್ನೂ ತಿದ್ದಿ, ಎಲ್ಲರ ಹಾಳೆಯ ಜೊತೆಗೇ ಗೋಡೆಗೆ ಅಂಟಿಸಲಿ.